ವೋಚರ್ ಇಲ್ಲದ ರೆಸಿಸ್ಟರ್

ಕಳೆದ ತಿಂಗಳು ನನ್ನ ಹೆಂಡತಿ ರಾತ್ರಿ ನೀರು ಕುಡಿಯಲು ಎದ್ದವಳು ಕತ್ತಲಲ್ಲಿ ಸ್ವಿಚ್ಚು ತಡಕಾಡುತ್ತ ಹೊಸ್ತಿಲು ಎಡವಿ ಬಿದ್ದಳು. ಪುಣ್ಯಕ್ಕೆ ಮಂಡಿ ತರಚಿದ್ದಷ್ಟೇ. ಹತ್ತನೇ ತರಗತಿಯಲ್ಲಿರುವ ಮೊಮ್ಮಗಳು, "ಸ್ವಿಚ್ಚಿನ ಪಕ್ಕ ಒಂದು ಪುಟ್ಟ ದೀಪ ಮಾಡಿಡ್ತೀನಿ ತಾತ" ಎಂದಳು.

ಬೇಕಾದದ್ದು ಮೂರೇ: 9 ವೋಲ್ಟಿನ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, ಒಂದು ರೆಸಿಸ್ಟರ್. ಅಂಗಡಿಗೆ ಹೋದವನು ನಾನು. "ಯಾವ ರೆಸಿಸ್ಟರ್ ಸಾರ್?" ಎಂದು ಕೇಳಿದರು. "ಯಾವುದಾದರೂ ಕೊಡಿ" ಎಂದೆ. 100 ಓಮ್‌ನದು ಬಂತು. ಜೋಡಿಸಿದ ಕೂಡಲೇ ದೀಪ ಝಗ್ಗನೆ ಬೆಳಗಿತು, ಸ್ವಲ್ಪ ಹೊತ್ತಿಗೆ ಸುಟ್ಟುಹೋಯಿತು. ಮೊಮ್ಮಗಳ ಮುಖ ಬಾಡಿತು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ವೋಚರ್ ಇಲ್ಲದೆ ಒಂದು ರೂಪಾಯಿ ಖರ್ಚನ್ನೂ ಬರೆದವನಲ್ಲ. ಇಲ್ಲಿ ಮಾತ್ರ ಕಾರಣ ಕೇಳದೆ ಪಾಸು ಮಾಡಿಬಿಟ್ಟಿದ್ದೆ! ಇಬ್ಬರೂ ಹಾಳೆ, ಪೆನ್ಸಿಲ್ ಹಿಡಿದು ಕುಳಿತೆವು.

ಬ್ಯಾಟರಿಯ ಜಮೆ 9 ವೋಲ್ಟ್. ಕೆಂಪು ಎಲ್‌ಇಡಿಯ ಖರ್ಚು ಸುಮಾರು 2 ವೋಲ್ಟ್. ಉಳಿದ 7 ವೋಲ್ಟ್ ರೆಸಿಸ್ಟರಿನ ಪಾಲು. ಓಮ್‌ನ ನಿಯಮದಂತೆ 7ನ್ನು 100ರಿಂದ ಭಾಗಿಸಿದರೆ 0.07 ಆಂಪಿಯರ್, ಅಂದರೆ 70 ಮಿಲಿಆಂಪಿಯರ್. ಇಂಥ ಪುಟ್ಟ ಎಲ್‌ಇಡಿ ಸಾಮಾನ್ಯವಾಗಿ ತಡೆಯುವುದು 20. ಸುಡದೆ ಇನ್ನೇನು?

"470 ಓಮ್ ಹಾಕೋಣ. ಸುಮಾರು 15 ಮಿಲಿಆಂಪಿಯರ್ ಹರಿಯುತ್ತೆ, ದೀಪ ಸುಡಲ್ಲ, ಚೆನ್ನಾಗಿ ಬೆಳಗುತ್ತೆ" ಎಂದೆ, ಗೆದ್ದವನ ಹಾಗೆ.

"ಬೇಡ ತಾತ, 1000 ಓಮ್ ಇರಲಿ" ಎಂದಳು ಮೊಮ್ಮಗಳು. "7 ಮಿಲಿಆಂಪಿಯರ್ ಸಾಕು. ಇದು ಓದೋ ದೀಪ ಅಲ್ಲವಲ್ಲ, ಸ್ವಿಚ್ಚು ಎಲ್ಲಿದೆ ಅಂತ ಅಜ್ಜಿಗೆ ಕಂಡರಾಯ್ತು. ಬೆಳಕು ಜಾಸ್ತಿಯಾದರೆ ಅವರಿಗೆ ನಿದ್ದೆ ಬರಲ್ಲ. ಬ್ಯಾಟರಿನೂ ಎರಡರಷ್ಟು ದಿನ ಬರುತ್ತೆ."

ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ನಾನು ದೀಪವನ್ನಷ್ಟೇ ನೋಡಿದ್ದೆ. ಅವಳು ಅಜ್ಜಿಯನ್ನೂ ನೋಡಿದ್ದಳು. ಹಾಳೆಯ ಕೆಳಗೆ "ಪಾಸ್ಡ್" ಎಂದು ಬರೆದು ಸಹಿ ಹಾಕಿದೆ.

ಈ ಸಲ ಇಬ್ಬರೂ ಅಂಗಡಿಗೆ ಹೋಗಿ ಕಂದು, ಕಪ್ಪು, ಕೆಂಪು ಪಟ್ಟಿಗಳ ರೆಸಿಸ್ಟರ್ ಕೇಳಿ ತಂದೆವು. ಮಕ್ಕಳೇ, "ಯಾವುದು ಬೇಕು?" ಎಂದು ಅಂಗಡಿಯವರು ಕೇಳಿದರೆ "ಯಾವುದಾದರೂ" ಎನ್ನಬೇಡಿ. ಇದೇ ಏಕೆ ಬೇಕೆಂದು ಒಂದು ಸಾಲು ಬರೆದುಕೊಂಡು ಹೋಗಿ.

ಈಗ ಮಲಗುವ ಮುಂಚೆ ಆ ದೀಪ ಹಚ್ಚುವುದು ನನ್ನ ಡ್ಯೂಟಿ. ಕುಂಕುಮದ ಬೊಟ್ಟಿನಷ್ಟು ಬೆಳಕು. ನನ್ನ ಹೆಂಡತಿ ಮತ್ತೆ ಎಡವಿಲ್ಲ.