ಗೇರು ತಪ್ಪದಿರಲು

ಚೆನ್ನೈಯ ಬಳಿ ಇರುಂಗಾಟ್ಟುಕೋಟೆಯಲ್ಲಿರುವ 3.7 ಕಿಲೋಮೀಟರು ಸುತ್ತಿನ ಪಂದ್ಯಪಥದಲ್ಲಿ ಮೋಟಾರು ಸೈಕಲ್ಲು ನಡೆಸುವಾಗ ನಾವು ವೇಗಕ್ಕಿಂತ ತಪ್ಪುವ ಗೇರಿಗೇ ಹೆಚ್ಚು ಅಂಜುತ್ತೇವೆ. ತಿರುವಿನ ಮುನ್ನ ಗೇರು ಕೂಡದಿದ್ದರೆ ಎಂಜಿನ್ನಿನ ತಡೆಯಿಲ್ಲದೆ ಗಾಡಿಯು ಹೊರಗಡೆಗೆ ಸರಿಯುವುದು. ಹಿಂದೆ ಬರುವವರಿಗೂ ಅಪಾಯ.

ಗೇರುಪೆಟ್ಟಿಗೆಯಲ್ಲಿ ಒಂದು ಚಕ್ರದ ಮಗ್ಗುಲ ಹಲ್ಲುಗಳು ಮತ್ತೊಂದರ ಸಂದುಗಳಲ್ಲಿ ಪೂರ್ಣವಾಗಿ ಕೂಡಬೇಕು. ಕಾಲು ಅರೆಮನಸ್ಸಿನಿಂದ ಒತ್ತಿದರೆ ಅವೂ ಅರೆಯಾಗಿಯೇ ಕೂಡಿ ಕಳಚಿಕೊಳ್ಳುವುವು. ಆದುದರಿಂದ ಲಿವರನ್ನು ಒದೆಯದೆ, ಕೊನೆಮುಟ್ಟ ಒತ್ತಿ, ಕ್ಲಚ್ಚು ಬಿಡುವವರೆಗೂ ಹಿಡಿದಿರುವುದೇ ನಮ್ಮ ಪದ್ಧತಿ. ಬೂಟಿಗೆ ತಕ್ಕಂತೆ ಲಿವರಿನ ಎತ್ತರವನ್ನು ಹೊರಡುವ ಮೊದಲೇ ಹೊಂದಿಸಿಕೊಳ್ಳುತ್ತೇವೆ; ಗಾಡಿಯನ್ನು ವಾಲಿಸುವ ಮುನ್ನವೇ ಗೇರಿನ ಕೆಲಸ ಮುಗಿಸುತ್ತೇವೆ.

ಆದರೂ ತಪ್ಪಿತೋ, ಕ್ಲಚ್ಚು ಹಿಡಿದು, ಮತ್ತೊಮ್ಮೆ ಒತ್ತಿ, ಮೆಲ್ಲನೆ ಬಿಡಬೇಕು. ಥಟ್ಟನೆ ಬಿಟ್ಟರೆ ಹಿಂದಿನ ಚಕ್ರವು ಜಾರೀತು. ಮನೆಯಲ್ಲಿ ಕಾಯುವವರಿರುವರೆಂಬುದು ಕಾಲಿಗೂ ನೆನಪಿರಲಿ.