ಮೂಲಚಿತ್ರವಿಲ್ಲದ ಮೌಲ್ಯಮಾಪನ

ಎರಡು ವರ್ಷಗಳ ಹಿಂದೆ, ಪುಣೆಯ ನಮ್ಮ ಸಂಸ್ಥೆಯ ತಾಂತ್ರಿಕ ವಿಭಾಗದವರು ಒಂದು ವಿಚಿತ್ರ ಕೋರಿಕೆಯೊಂದಿಗೆ ಆಡಳಿತ ವಿಭಾಗಕ್ಕೆ ಬಂದರು. ಅವರಿಗೆ ಕಡತವಾಗಲಿ ಮಂಜೂರಾತಿಯಾಗಲಿ ಬೇಕಿರಲಿಲ್ಲ. ವಿಡಿಯೊ ತಂತ್ರಜ್ಞಾನದ ಗಂಧಗಾಳಿಯೂ ಇಲ್ಲದ ಹದಿನೈದಿಪ್ಪತ್ತು ಮಂದಿ ಬೇಕಿದ್ದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಇಪ್ಪತ್ತು ವರ್ಷಗಳಿಂದ ಕಡತಗಳಿಗೆ ಟಿಪ್ಪಣಿ ಬರೆಯುತ್ತ ಬಂದಿರುವ ನಾನು ಆ ಅರ್ಹತೆಯಲ್ಲಿ ಸುಲಭವಾಗಿ ತೇರ್ಗಡೆಯಾದೆ.

ಮೊದಲು ಅಕ್ಷರಗಳ ಫಲಕ ಓದಿಸಿ ದೃಷ್ಟಿ ಪರೀಕ್ಷಿಸಿದರು. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಗುರುತಿಸುವ ಇಶಿಹಾರ ಪಟಗಳನ್ನು ತೋರಿಸಿ, ವರ್ಣಾಂಧತೆಯಿಲ್ಲವೆಂದು ಖಚಿತಪಡಿಸಿಕೊಂಡರು. ಬಳಿಕ ಬೂದು ಗೋಡೆಗಳ, ಮಂದ ಬೆಳಕಿನ ಕೋಣೆಯಲ್ಲಿ ಕೂರಿಸಿದರು. ಪರದೆಯ ಮೇಲೆ ಹತ್ತು ಸೆಕೆಂಡುಗಳ ಮೂಲದೃಶ್ಯ, ಅನಂತರ ಅದೇ ದೃಶ್ಯದ ಸಂಕೋಚಿತ ರೂಪ. ಎರಡನೆಯದಕ್ಕೆ ನಾವು ಅಂಕ ಕೊಡಬೇಕು. ದೋಷ ಕಾಣಲೇ ಇಲ್ಲವೆಂದರೆ ಐದು, ಕಾಣುತ್ತದೆ, ಆದರೆ ಕಿರಿಕಿರಿಯಿಲ್ಲ ಎಂದರೆ ನಾಲ್ಕು, ತುಸು ಕಿರಿಕಿರಿಗೆ ಮೂರು, ಕಿರಿಕಿರಿಗೆ ಎರಡು, ಬಹಳ ಕಿರಿಕಿರಿಯಾದರೆ ಒಂದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.500 ಎಂಬ ಶಿಫಾರಸಿನಲ್ಲಿ ಈ ವಿಧಾನ ವಿವರವಾಗಿ ದಾಖಲಾಗಿದೆಯಂತೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಯಾರನ್ನೂ ಕೂರಿಸುವಂತಿಲ್ಲ. ಕಣ್ಣು ದಣಿದರೆ ಅಂಕಗಳೂ ಹಾದಿ ತಪ್ಪುತ್ತವೆ.

ಹೊರಬಂದ ಮೇಲೆ, ಪ್ರಯೋಗ ನಡೆಸುತ್ತಿದ್ದ ಯುವ ಇಂಜಿನಿಯರನ್ನು ಕೇಳಿದೆ: ‘ಇಷ್ಟೊಂದು ಉಪಕರಣಗಳನ್ನು ಇಟ್ಟುಕೊಂಡು, ನನ್ನಂಥವನ ಅಭಿಪ್ರಾಯ ಯಾಕೆ?’ ಆತ ನಕ್ಕು, ‘ಸರ್, ನಮಗೆ ದೋಷ ಎಲ್ಲಿರುತ್ತದೆಂದು ಗೊತ್ತು, ನಾವು ಅದನ್ನೇ ಹುಡುಕುತ್ತೇವೆ. ನೀವು ಬರೀ ನೋಡುತ್ತೀರಿ’ ಎಂದ. ಅಂದಿನಿಂದ ಈ ವಿದ್ಯೆಯ ಬಗ್ಗೆ ನನಗೆ ಆಸಕ್ತಿ ಹುಟ್ಟಿತು. ಬಿಡುವಾದಾಗಲೆಲ್ಲ ಆತನನ್ನು ಕಾಡಿ, ತಿಳಿದಷ್ಟನ್ನು ಓದಿಕೊಂಡೆ.

1280×720 ಪಿಕ್ಸೆಲ್‌ಗಳ ಚಿತ್ರವೊಂದರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳಿವೆ. ಬಿಂದುವಿಗೆ ಮೂರು ಬೈಟ್, ಸೆಕೆಂಡಿಗೆ ಮೂವತ್ತು ಚಿತ್ರ ಎಂದು ಲೆಕ್ಕ ಹಾಕಿದರೆ ಪ್ರತಿ ಸೆಕೆಂಡಿಗೆ ಸುಮಾರು 83 ಮೆಗಾಬೈಟ್, ಅಂದರೆ 660 ಮೆಗಾಬಿಟ್‌ಗೂ ಮಿಕ್ಕ ಮಾಹಿತಿ. ವಿಡಿಯೊ ಕರೆಗೆ ದೊರಕುವುದು ಹೆಚ್ಚೆಂದರೆ ಒಂದೆರಡು ಮೆಗಾಬಿಟ್. ಆದ್ದರಿಂದ ನೂರಾರು ಪಾಲುಗಳಲ್ಲಿ ಒಂದು ಪಾಲನ್ನು ಮಾತ್ರ ಕಳುಹಿಸಿ, ಉಳಿದದ್ದನ್ನು ಬಿಡಬೇಕು. ಏನನ್ನು ಬಿಡುವುದು ಎಂಬ ವಿವೇಕವೇ ಸಂಕೋಚನಶಾಸ್ತ್ರ. ಗೋಡೆ ಅಲುಗಾಡದಿದ್ದರೆ ಅದನ್ನು ಮತ್ತೆ ಮತ್ತೆ ಕಳುಹಿಸುವುದಿಲ್ಲ. ‘ಹಿಂದಿನಂತೆಯೇ’ ಎಂಬ ಒಂದು ಸೂಚನೆ ಸಾಕು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಹಿಂದಿನ ಪುಟದ ಟಿಪ್ಪಣಿಯನ್ನು ಅವಲೋಕಿಸುವುದು.

ಈ ಶಾಸ್ತ್ರದ ಬುನಾದಿಯಲ್ಲಿ ನಮ್ಮ ಬೆಂಗಳೂರಿನವರೊಬ್ಬರು ಇದ್ದಾರೆಂದು ತಿಳಿದಾಗ, ಹೊರನಾಡ ಕನ್ನಡಿಗನಿಗೆ ಸಹಜವಾದ ಹಿಗ್ಗು ನನಗೂ ಆಯಿತು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು 1972ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವಿಧಾನದ ಅಧ್ಯಯನಕ್ಕೆ ಅನುದಾನ ಕೋರಿದರು. ಅದು ತಿರಸ್ಕೃತವಾಯಿತು. ವಿಚಾರ ತೀರಾ ಸರಳವೆಂದು ಪರಿಶೀಲಕರೊಬ್ಬರಿಗೆ ತೋರಿತ್ತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆದರೂ ಪಟ್ಟುಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಎಂಟಕ್ಕೆ ಎಂಟರಂತೆ ಅರವತ್ತನಾಲ್ಕು ಬಿಂದುಗಳ ಚೌಕವನ್ನು ಈ ವಿಧಾನ ಅರವತ್ತನಾಲ್ಕು ಬೇರೆ ಸಂಖ್ಯೆಗಳಾಗಿ ಪರಿವರ್ತಿಸುತ್ತದೆ: ಮೊದಲನೆಯದು ಚೌಕದ ಸರಾಸರಿ ಕಾಂತಿ, ಮುಂದಿನವು ಕ್ರಮೇಣ ಸೂಕ್ಷ್ಮವಾಗುವ ಏರಿಳಿತಗಳು. ಅತಿ ಸೂಕ್ಷ್ಮವಾದವುಗಳಿಗೆ ಕಣ್ಣು ಅಷ್ಟಾಗಿ ಸ್ಪಂದಿಸದ ಕಾರಣ ಅವನ್ನು ಒರಟಾಗಿ ದುಂಡುಮಾಡಿದರೆ ಬಹುಪಾಲು ಸೊನ್ನೆಯಾಗಿಬಿಡುತ್ತವೆ. ಜೆಪೆಗ್ ಚಿತ್ರಗಳೂ ನಮ್ಮ ವಿಡಿಯೊ ಕರೆಗಳೂ ಈ ವಂಶದವೇ.

ಬಣ್ಣದ ವಿಷಯದಲ್ಲಂತೂ ಕೈ ಇನ್ನೂ ಬಿಗಿ. ಮನುಷ್ಯನ ಕಣ್ಣು ಕಾಂತಿಯ ವ್ಯತ್ಯಾಸವನ್ನು ಗ್ರಹಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗ್ರಹಿಸುವುದಿಲ್ಲ. ಹಾಗಾಗಿ ನಾಲ್ಕು ಬಿಂದುಗಳಿಗೆ ನಾಲ್ಕು ಕಾಂತಿಮೌಲ್ಯಗಳನ್ನು ಕಳುಹಿಸಿದರೂ, ಬಣ್ಣದ ಮೌಲ್ಯ ನಾಲ್ಕಕ್ಕೂ ಸೇರಿ ಒಂದೇ. ಅದಕ್ಕೂ ಮುನ್ನ, ಕ್ಯಾಮೆರಾದ ಸಂವೇದಕದಲ್ಲೇ ಒಂದು ಊಹೆ ನಡೆದಿರುತ್ತದೆ. 1976ರಲ್ಲಿ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ವಿನ್ಯಾಸದಂತೆ ಅಲ್ಲಿನ ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ನೆರೆಹೊರೆಯ ಬಿಂದುಗಳಿಂದ ಅಂದಾಜಿಸಲಾಗುತ್ತದೆ. ಅದರ ಮೇಲೆ, ಈ ಕೋಣೆಯಲ್ಲಿ ಬಿಳಿ ಎಂದರೆ ಯಾವುದು ಎಂದು ಫೋನು ತಾನೇ ತೀರ್ಮಾನಿಸಿ ಇಡೀ ಚಿತ್ರದ ವರ್ಣವನ್ನು ತಿದ್ದುತ್ತದೆ.

ಇಷ್ಟೆಲ್ಲ ಆದಮೇಲೆ ಉಳಿದ ಚಿತ್ರ ಚೆನ್ನಾಗಿದೆಯೇ? ಪ್ರತಿ ಬಾರಿಯೂ ನಮ್ಮಂಥವರನ್ನು ಕೂರಿಸಲಾಗದೆ ಸೂತ್ರಗಳನ್ನು ರಚಿಸಿದ್ದಾರೆ. ಬಿಂದು ಬಿಂದುವಿನ ವ್ಯತ್ಯಾಸವನ್ನು ಕೂಡಿಸುವ ಹಳೆಯ ಮಾಪನ ಕಣ್ಣಿನ ತೀರ್ಪಿನೊಂದಿಗೆ ಹಲವು ಬಾರಿ ಹೊಂದುತ್ತಿರಲಿಲ್ಲ. 2004ರಲ್ಲಿ ಝೌ ವಾಂಗ್, ಅಲನ್ ಬೋವಿಕ್ ಮತ್ತು ಸಂಗಡಿಗರು ಚಿತ್ರದ ರಚನೆ ಎಷ್ಟು ಉಳಿದಿದೆಯೆಂದು ನೋಡುವ ಎಸ್‌ಎಸ್‌ಐಎಂ ಎಂಬ ಮಾಪನವನ್ನು ಮಂಡಿಸಿದರು. ಅದು ಬಹಳ ಮಟ್ಟಿಗೆ ಗೆದ್ದಿತು. ಆದರೆ ಇವೆರಡಕ್ಕೂ ಒಂದು ಷರತ್ತಿದೆ: ಹೋಲಿಸಲು ಮೂಲಚಿತ್ರ ಕೈಯಲ್ಲಿರಬೇಕು. ಮೂಲವಿಲ್ಲದೆ ಗುಣಮಟ್ಟವನ್ನು ಅಂದಾಜಿಸುವ ವಿಧಾನಗಳೂ ಇವೆಯಾದರೂ, ಆ ಕೆಲಸ ಇನ್ನೂ ಕಠಿಣ. ಕಡತಕ್ಕೆ ಬೇಕಾಗುವ ಸಂಗತಿಯಂತೆ ಇದನ್ನೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಪ್ರತಿ ರಾತ್ರಿ ಎಂಟೂವರೆಗೆ ನಾನು ನೋಡುತ್ತಿದ್ದ ಚಿತ್ರಕ್ಕೂ ಮೂಲ ನನ್ನ ಕೈಯಲ್ಲಿಲ್ಲವೆಂಬುದು ಆಗ ಹೊಳೆಯಲಿಲ್ಲ.

ಅದು ತಿಪಟೂರಿನಲ್ಲಿ ಒಬ್ಬರೇ ಇರುವ ನನ್ನ ಅಮ್ಮನ ಚಿತ್ರ. ದೇವರಮನೆಯ ಪಕ್ಕದ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಅಮ್ಮ ಮಾತಾಡುತ್ತಿದ್ದರು. ‘ಊಟ ಆಯ್ತಾ?’ ‘ಆಯ್ತು ಕಣಪ್ಪ.’ ‘ಹುಷಾರಾಗಿದೀಯಾ?’ ‘ಚೆನ್ನಾಗೇ ಇದೀನಿ.’ ಚಿತ್ರ ನಿಲ್ಲದೆ ಬಂದರೆ, ಮುಖ ಒಡೆಯದಿದ್ದರೆ, ನನಗೆ ಸಮಾಧಾನ. ಬೂದು ಕೋಣೆಯ ಭಾಷೆಯಲ್ಲಿ ನಾಲ್ಕು ಅಂಕ.

ಪರೀಕ್ಷೆ ನಡೆದ ಐದಾರು ತಿಂಗಳಿಗೆ ಅರಸೀಕೆರೆಯ ಚಿಕ್ಕಮ್ಮ ಮದುವೆಯ ಕರೆಯೋಲೆ ಕೊಡಲು ಅಮ್ಮನ ಮನೆಗೆ ಹೋದವರು, ಅಲ್ಲಿಂದಲೇ ನನಗೆ ಫೋನು ಮಾಡಿದರು. ‘ನಿಮ್ಮಮ್ಮನ ಕಣ್ಣು ಅರಿಶಿನದ ಹಾಗಾಗಿದೆ ಕಣೋ. ಸೀರೆ ಮೈಮೇಲೆ ನಿಲ್ತಾ ಇಲ್ಲ. ದಿನಾ ನೋಡ್ತೀಯಲ್ಲ, ಕಾಣಿಸಲಿಲ್ವಾ ನಿನಗೆ?’

ನಾನು ಉತ್ತರ ಕೊಡಲಿಲ್ಲ. ಅಂದು ರಾತ್ರಿಯ ಬಸ್ಸು ಹತ್ತಿ, ಮರುದಿನ ತುಮಕೂರಿನಲ್ಲಿ ಇಳಿದು ತಿಪಟೂರು ಸೇರಿದೆ. ಜಗಲಿಯಲ್ಲಿ ಹಗಲ ಬೆಳಕಿಗೆ ಕುಳಿತಿದ್ದ ಅಮ್ಮನನ್ನು ನೋಡಿದ ಕ್ಷಣ ಯಾವ ಮಾಪನವೂ ಬೇಕಾಗಲಿಲ್ಲ. ಅಮ್ಮ ಮಾತ್ರ, ‘ಫೋನಲ್ಲಿ ಚೆನ್ನಾಗೇ ಕಾಣ್ತಿದ್ನಲ್ಲೋ, ಯಾಕೆ ರಜೆ ಹಾಳು ಮಾಡ್ಕೊಂಡು ಬಂದೆ?’ ಎಂದರು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಎಂಡೋಸ್ಕೋಪಿಯ ಮೂಲಕ ತೆಗೆದರು. ಕೆಲವು ವಾರಗಳಲ್ಲಿ ಕಣ್ಣು ಬೆಳ್ಳಗಾಯಿತು. ಇನ್ನಷ್ಟು ತಡವಾಗಿ ಸೋಂಕು ತಗುಲಿದ್ದರೆ ಅಪಾಯವಿತ್ತೆಂದು ವೈದ್ಯರು ಹೇಳಿದಾಗ ನಾನು ನೆಲ ನೋಡುತ್ತಿದ್ದೆ.

ತಪ್ಪನ್ನು ತಂತ್ರಜ್ಞಾನದ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ಮಂದ ಬೆಳಕು, ಅಗ್ಗದ ಫೋನು, ಬಿಳಿಯನ್ನು ತಿದ್ದುವ ಅದರ ಚಾಳಿ, ಬಣ್ಣವನ್ನು ಕಡಿತಗೊಳಿಸುವ ಸಂಕೋಚನ: ಹಳದಿಯನ್ನು ಯಾವುದು ಎಷ್ಟು ನುಂಗಿತೆಂದು ವಿಂಗಡಿಸಲು ಬರುವುದಿಲ್ಲ. ಅಮ್ಮನೂ ತನ್ನ ಪಾಲಿನ ಸಂಕೋಚನ ಮಾಡಿದ್ದರು. ಹಸಿವಿಲ್ಲದ್ದು, ರಾತ್ರಿ ಮೈ ತುರಿಸಿದ್ದು, ಹೊಟ್ಟೆ ನೊಂದದ್ದು, ಇವೆಲ್ಲ ‘ಚೆನ್ನಾಗೇ ಇದೀನಿ’ ಎಂಬ ಎರಡು ಪದಗಳಲ್ಲಿ ಅಡಗಿದ್ದವು. ಮಗನಿಗೆ ಏನು ಕಂಡರೆ ಸಾಕೆಂದು ಅವರಿಗೂ ತಿಳಿದಿತ್ತು. ನಾನಾದರೋ ಆ ಬೂದು ಕೋಣೆಯ ವೀಕ್ಷಕನಂತೆ ‘ಬರೀ ನೋಡಿ’ ಅಂಕ ಹಾಕುತ್ತಿದ್ದೆ. ಅಲ್ಲಾದರೂ ಮೊದಲು ಮೂಲವನ್ನು ತೋರಿಸುತ್ತಿದ್ದರು. ಅಮ್ಮನ ವಿಷಯದಲ್ಲಿ ನಾನು ಮೂಲವನ್ನು ನೋಡಿ ಹನ್ನೊಂದು ತಿಂಗಳಾಗಿತ್ತು.

ಪುಣೆಗೆ ಮರಳಿದ ಮೇಲೆ ಆ ಯುವ ಇಂಜಿನಿಯರಿಗೆ ಇದನ್ನು ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಟಿ.500 ಉತ್ತರಿಸುವ ಪ್ರಶ್ನೆಯೇ ಬೇರೆ ಎಂದ. ನೋಡುವವನಿಗೆ ಹಿತವೇ ಎಂಬುದು ಒಂದು ಪ್ರಶ್ನೆ. ನೋಡಿ ಕೆಲಸ ಆಯಿತೇ ಎಂಬುದು ಇನ್ನೊಂದು. ವಾಹನದ ಸಂಖ್ಯೆಯನ್ನು ಓದುವಂಥ ಗುರುತಿಸುವ ಕೆಲಸಗಳಿಗಾಗಿ 2008ರಲ್ಲಿ ಪಿ.912 ಎಂಬ ಪ್ರತ್ಯೇಕ ಶಿಫಾರಸೇ ಬಂದಿದೆ. ಅಲ್ಲಿ ವೀಕ್ಷಕನ ಅಭಿಪ್ರಾಯವನ್ನು ಕೇಳುವುದಿಲ್ಲ. ಸಂಖ್ಯೆ ಏನೆಂದು ಕೇಳುತ್ತಾರೆ. ಉತ್ತರ ಸರಿಯಿದ್ದರೆ ಚಿತ್ರ ಸರಿ. ವೈದ್ಯಕೀಯ ಚಿತ್ರಗಳ ಡೈಕಾಮ್ ಮಾನಕದಲ್ಲಿ ಒಂದು ಬಿಂದುವನ್ನೂ ಕಳೆಯದ ಸಂಕೋಚನಕ್ಕೆ ಅವಕಾಶವಿರುವುದೂ ಇಂಥ ಕಾರಣಕ್ಕೇ. ನಾನು ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದಲ್ಲಿ ಮೊದಲನೆಯದನ್ನು ಕೇಳುತ್ತ ಕುಳಿತಿದ್ದೆ.

ಈಗ ನಮ್ಮ ಕರೆಯ ಹೊತ್ತು ಬದಲಾಗಿದೆ. ಬೆಳಿಗ್ಗೆ ಏಳೂವರೆಗೆ, ಜಗಲಿಯ ಬೆಳಕಿನಲ್ಲಿ. ಹುಷಾರಾಗಿದೀಯಾ ಎಂದು ಕೇಳುವುದನ್ನು ಕಡಿಮೆ ಮಾಡಿದ್ದೇನೆ. ನಿನ್ನೆ ಎಷ್ಟು ತಿಂದೆ, ರವಿಕೆ ಸಡಿಲವಾಗಿದೆಯಾ, ಮಾತ್ರೆಯ ಪಟ್ಟಿ ತೋರಿಸು ಎನ್ನುತ್ತೇನೆ. ‘ದೊಡ್ಡ ಡಾಕ್ಟ್ರು ಬಂದ್ರು’ ಎಂದು ಅಮ್ಮ ಗೊಣಗುತ್ತಾರೆ. ಮೂರು ತಿಂಗಳಿಗೊಮ್ಮೆ ತಪ್ಪದೆ ಊರಿಗೆ ಹೋಗುತ್ತೇನೆ.

ಕಳೆದ ಸಲ ಹೋದಾಗ ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದವನನ್ನು ಅಮ್ಮ ಜಗಲಿಯಲ್ಲಿ ತಡೆದು ನಿಲ್ಲಿಸಿ, ಬಹಳ ಹೊತ್ತು ನೋಡಿದರು. ‘ಇಷ್ಟು ನರೆತಿದೀಯ ಅಂತ ಫೋನಲ್ಲಿ ಗೊತ್ತೇ ಆಗಲ್ಲ ಕಣೋ. ನಿದ್ದೆ ಸರಿಯಾಗಿ ಮಾಡ್ತಿದೀಯಾ?’

ಚೆನ್ನಾಗೇ ಇದೀನಿ ಎನ್ನಲು ಬಾಯಿ ತೆರೆದವನು, ಅವರ ಪಕ್ಕದಲ್ಲಿ ಕುಳಿತು ಇಲ್ಲವೆಂದೆ.