ಸರದಿಯ ಸಾಲು

ಹಸಿವಿಗೆ ರುಚಿಯಿಲ್ಲ, ನಿದ್ರೆಗೆ ಸುಖವಿಲ್ಲ ಎಂಬುದು ಗಾದೆ. ಮಧ್ಯಾಹ್ನ ಒಂದು ಗಂಟೆಗೆ ಬೆಂಗಳೂರಿನ ಯಾವುದಾದರೊಂದು ದರ್ಶಿನಿಯ ಮುಂದೆ ನಿಂತವರಿಗೆ, ಹಸಿವಿಗೆ ನಯವೂ ಇಲ್ಲವೆಂದು ಅದಕ್ಕೆ ಸೇರಿಸಬೇಕೆನಿಸಿದರೆ ಆಶ್ಚರ್ಯವಿಲ್ಲ. ಕಚೇರಿಯ ಗುಮಾಸ್ತರು, ಕಾಲೇಜಿನ ಹುಡುಗರು, ಆಟೋ ಓಡಿಸುವವರು, ಬಟ್ಟೆಯಂಗಡಿಯಲ್ಲಿ ದುಡಿಯುವ ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಾರೆ. ಬಹುಮಂದಿಗೆ ಇರುವುದು ಅರ್ಧ ಗಂಟೆಯ ಬಿಡುವು. ಅಷ್ಟರೊಳಗೆ ಹಣ ಕೊಟ್ಟು ಚೀಟಿ ಪಡೆಯಬೇಕು, ಚೀಟಿ ಕೊಟ್ಟು ತಟ್ಟೆ ಪಡೆಯಬೇಕು, ನಿಂತೇ ಉಂಡು ಮತ್ತೆ ಕೆಲಸಕ್ಕೆ ಓಡಬೇಕು.

ಈ ಏರ್ಪಾಡು ಬಹಳ ಹಳೆಯದಲ್ಲ. ದರ್ಶಿನಿಗಳು ಈ ನಗರದಲ್ಲಿ ಕಾಣಿಸಿಕೊಂಡದ್ದು 1980ರ ದಶಕದಲ್ಲಿ. ಅದಕ್ಕೂ ಹಿಂದಿನ ಉಡುಪಿ ಹೋಟೆಲುಗಳಲ್ಲಿ ಗಿರಾಕಿ ಕುಳಿತಲ್ಲಿಗೇ ಮಾಣಿ ಬಂದು, ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ. ಗಿರಾಕಿ ಎಲ್ಲವನ್ನೂ ಕೇಳಿ, ತಲೆ ಕೆರೆದುಕೊಂಡು, ಕೊನೆಗೆ ಇಡ್ಲಿಯನ್ನೇ ಹೇಳುತ್ತಿದ್ದ! ಮೇಜು ಅವನದು, ಹೊತ್ತೂ ಅವನದು. ದರ್ಶಿನಿಯಲ್ಲಾದರೋ ಹೊತ್ತು ಅವನೊಬ್ಬನದಲ್ಲ.

ಆದರೂ ಹಳೆಯ ಅಭ್ಯಾಸ ಬಿಟ್ಟಿಲ್ಲ. ಸಾಲಿನಲ್ಲಿದ್ದಷ್ಟು ಹೊತ್ತೂ ಎದುರಿನ ಫಲಕವನ್ನು ಕಣ್ಣೆತ್ತಿ ನೋಡದವನು, ಗಲ್ಲಾಪೆಟ್ಟಿಗೆಯ ಮುಂದೆ ಬಂದೊಡನೆ "ಏನೇನಿದೆ?" ಎನ್ನುತ್ತಾನೆ. ಉತ್ತರ ದೊರೆತ ಮೇಲೆ ಹಿಂದಿರುಗಿ, ದೂರದಲ್ಲಿರುವ ಗೆಳೆಯನನ್ನು "ನಿನಗೇನು ಬೇಕೋ?" ಎಂದು ಕೂಗುತ್ತಾನೆ. ಬಳಿಕ ಮೊಬೈಲನ್ನು ಹೊರತೆಗೆದು ಹಣ ಕಳಿಸುವ ಕಾರ್ಯ ಆರಂಭ. ಹಿಂದೆ ಹನ್ನೆರಡು ಮಂದಿ ನಿಂತಿದ್ದರೆ, ಅವನ ಒಂದು ನಿಮಿಷ ಹನ್ನೆರಡು ನಿಮಿಷವಾಗುತ್ತದೆ. ಈ ಲೆಕ್ಕಕ್ಕೆ ಒಂಬತ್ತನೆಯ ತರಗತಿಯ ಗಣಿತವೂ ಬೇಕಿಲ್ಲ.

ಇವನನ್ನಾದರೂ ಮನ್ನಿಸಬಹುದು, ಇವನದು ಮರೆವು. ಮತ್ತೊಬ್ಬನುಂಟು. ಅವನು ಸಾಲಿಗೆ ಸೇರುವುದೇ ಇಲ್ಲ. ಪಕ್ಕದಿಂದ ಬಂದು, ಮುದುಕರೊಬ್ಬರ ಹೆಗಲ ಮೇಲಿಂದ ಐನೂರರ ನೋಟನ್ನು ಚಾಚಿ, "ಒಂದೇ ಕಾಫಿ" ಎನ್ನುತ್ತಾನೆ. ಒಂದೇ ಕಾಫಿಗೆ ಸಾಲಿಲ್ಲವೆಂದು ಅವನಿಗೆ ಹೇಳಿದವರಾರೋ! ಇದನ್ನು ಸಣ್ಣ ವಿಷಯವೆಂದು ತಳ್ಳಿಬಿಡುವಂತಿಲ್ಲ. ಇದೇ ನಾಡಿನ ಹೋಟೆಲುಗಳಲ್ಲಿ ಕೆಲವರಿಗೆ ಒಳಗೆ ಪ್ರತ್ಯೇಕ ಪಂಕ್ತಿಯೂ ಕೆಲವರಿಗೆ ಹೊಸ್ತಿಲಾಚೆ ಬೇರೆ ಲೋಟವೂ ಇದ್ದ ಕಾಲವೊಂದಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿ ಧರ್ಮಗಳ ಕಾರಣದಿಂದ ಯಾರಿಗೂ ಅಲ್ಲಿ ಪ್ರವೇಶವನ್ನು ತಡೆಯಬಾರದೆಂದಿತು. ದೇಶದ ಮೂಲ ಕಾನೂನಿನಲ್ಲಿ ಉಪಾಹಾರಗೃಹದ ಮಾತು ಬರಬೇಕಾಯಿತೆಂದರೆ, ಅದರ ಹಿಂದೆ ಎಷ್ಟು ಜನರ ಅವಮಾನ ಇದ್ದಿರಬೇಕು! ದರ್ಶಿನಿಯ ಚೀಟಿಯ ಮೇಲೆ ತಿಂಡಿಯ ಹೆಸರಿದೆ, ಬೆಲೆಯಿದೆ; ಉಣ್ಣುವವನ ಕುಲವಿಲ್ಲ, ಪದವಿಯಿಲ್ಲ. ಸಾಲು ಮುರಿಯುವವನಿಗೆ ಸಹಿಸಲಾಗದಿರುವುದು ಬಹುಶಃ ಇದೇ.

ಇನ್ನು ಕಟ್ಟೆಯ ಆಚೆಗಿರುವವರು. ಕಾದ ಕಾವಲಿಯ ಮುಂದೆ ಬೆವರೊರೆಸಿಕೊಳ್ಳಲೂ ಅವರಿಗೆ ಕೈ ಬಿಡುವಿಲ್ಲ. ತಂದೆಯ ವಯಸ್ಸಿನವರನ್ನೂ ಏಕವಚನದಲ್ಲಿ ಕರೆಯುವ, ನಾಣ್ಯದಿಂದ ಕಟ್ಟೆ ಕುಟ್ಟುವ ಗಿರಾಕಿಗಳಿಗೇನೂ ಕೊರತೆಯಿಲ್ಲ. ಬಡಿಸುವವರಲ್ಲಿ ಅನೇಕರು ದೂರದ ರಾಜ್ಯಗಳಿಂದ ಬಂದ ತರುಣರು. ಅವರು ಕಲಿಯುವ ಮೊದಲ ಕನ್ನಡ ಪುಸ್ತಕದ್ದಲ್ಲ, ಗಿರಾಕಿಯ ಬಾಯಿಯದು. "ಏಯ್, ಬೇಗ ಹಾಕೋ" ಎಂಬುದೂ ಕನ್ನಡವೇ. "ಸ್ವಲ್ಪ ಚಟ್ನಿ ಹಾಕಿಪ್ಪಾ" ಎಂಬುದೂ ಕನ್ನಡವೇ. ಎರಡನ್ನೂ ಆಡಲು ಹಿಡಿಯುವ ಹೊತ್ತು ಒಂದೇ.

ಮೂರು ಗಂಟೆಯ ಸುಮಾರಿಗೆ ಸಾಲು ಕರಗುತ್ತದೆ. ಬಡಿಸುವವರು ಪಾತ್ರೆಯ ತಳದಲ್ಲಿ ಉಳಿದ ಬಿಸಿಬೇಳೆಬಾತನ್ನು ತಟ್ಟೆಗೆ ಹಾಕಿಕೊಂಡು ಕಟ್ಟೆಯ ಹಿಂದೆ ನಿಂತೇ ಉಣ್ಣುತ್ತಾರೆ. ಅಷ್ಟರಲ್ಲಿ ಯಾರಾದರೂ ಬಂದು ಕಟ್ಟೆ ತಟ್ಟಿದರೆ, ತಟ್ಟೆಯನ್ನು ಬದಿಗಿಟ್ಟು ಕೈ ತೊಳೆದುಕೊಳ್ಳುತ್ತಾರೆ.